ಬೆನ್ನೊಳಗಿನ ಹುರಿ

ನಮ್ಮ ಮಾತಿನಲ್ಲಿ ಬೆನ್ನಿಗೆ ಇರುವಷ್ಟು ಕೆಲಸ ಬೇರೊಂದು ಅಂಗಕ್ಕೆ ಇದೆಯೋ ಇಲ್ಲವೋ ಕಾಣೆ. ಒಳ್ಳೆಯ ಕೆಲಸ ಮಾಡಿದವನ ಬೆನ್ನು ತಟ್ಟುತ್ತೇವೆ. ಕಷ್ಟಕ್ಕೆ ಸಿಕ್ಕಿದವನ ಬೆನ್ನಿಗೆ ನಿಲ್ಲುತ್ತೇವೆ. ಸೋತವನು ಬೆನ್ನು ತೋರಿಸುತ್ತಾನೆ, ಗೆದ್ದವನು ಬೆನ್ನಟ್ಟುತ್ತಾನೆ. ನಮ್ಮ ತರುವಾಯ ಹುಟ್ಟಿದ ತಮ್ಮನನ್ನೋ ತಂಗಿಯನ್ನೋ 'ಬೆನ್ನಿಗೆ ಬಿದ್ದವರು' ಎನ್ನುತ್ತೇವೆ. ಇಷ್ಟೆಲ್ಲ ಆಡಿದರೂ, ಆ ಬೆನ್ನಿನೊಳಗೆ ಏನಿದೆ ಎಂದು ಯಾರಾದರೂ ಕೇಳಿದರೆ 'ಮೂಳೆ ಇದೆ' ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿರುವ ನಾನೂ ಅವರಲ್ಲಿ ಒಬ್ಬನಾಗಿದ್ದೆ. ಅದು ಹೇಗೆ ತಪ್ಪಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಬೆನ್ನಿಗೆ ಬಿದ್ದ ತಂಗಿಯ ಮಗನಿಗೆ ಆಗ ಏಳು ವರ್ಷ. ಒಂಬತ್ತು ವರ್ಷದ ಹಿಂದಿನ ಮಾತು. ಎರಡು ದಿನ ಜ್ವರವಿತ್ತು. ಮೂರನೆಯ ದಿನ ವಾಂತಿ, ತಡೆಯಲಾರದ ತಲೆನೋವು. ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಗಲ್ಲವನ್ನು ಎದೆಗೆ ತಾಗಿಸೆಂದರೆ ಕತ್ತು ಬಗ್ಗಲೊಲ್ಲದು. ಕೊರಡಿನ ಹಾಗೆ ಸೆಟೆದುಕೊಂಡಿತ್ತು. ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರು ಇನ್ನೂ ಹರೆಯದವರು. ನೋಡಿದವರೇ, "ಮಿದುಳಿನ ಪೊರೆಗೆ ಸೋಂಕು ತಗಲಿರುವ ಹಾಗಿದೆ. ಔಷಧ ಶುರು ಮಾಡಿದ್ದೇನೆ. ಆದರೆ ಯಾವ ರೋಗಾಣು ಎಂದು ಗೊತ್ತಿಲ್ಲದೆ ಔಷಧ ಕೊಡುವುದು ಕತ್ತಲಲ್ಲಿ ಕಲ್ಲು ಬೀರಿದಂತೆ. ಬೆನ್ನಿನಿಂದ ಸ್ವಲ್ಪ ನೀರು ತೆಗೆದು ನೋಡಬೇಕು, ಮನೆಯವರು ಒಪ್ಪಿ ರುಜು ಹಾಕಿ" ಎಂದರು.

ಈ ಮಾತು ಕೇಳಿದ್ದೇ ತಡ, ನನ್ನ ತಂಗಿಯ ಅತ್ತೆ ಮಗುವಿನ ಮಂಚಕ್ಕೆ ಅಡ್ಡಲಾಗಿ ನಿಂತುಬಿಟ್ಟರು. "ಬೆನ್ನಿಂದ ನೀರು ತೆಗೆಸಿಕೊಂಡವರು ಎದ್ದು ನಡೆದದ್ದನ್ನು ನಾನು ಕಂಡಿಲ್ಲ. ಕಾಲು ಸ್ವಾಧೀನ ತಪ್ಪುತ್ತದೆ. ಮೇಷ್ಟ್ರೇ, ನೀವು ಓದಿದವರು, ಕೂಸನ್ನು ಹೆಳವನನ್ನಾಗಿ ಮಾಡಬೇಡಿ" ಎಂದರು. ಅವರ ಊರಿನಲ್ಲಿ ಒಬ್ಬರಿಗೆ ಹಾಗಾಗಿತ್ತಂತೆ. ಭಾವ ಗೋಡೆ ನೋಡುತ್ತ ಕುಳಿತರು. ತಂಗಿ, "ಅಣ್ಣಯ್ಯ, ನೀನೇ ಹೇಳು" ಎಂದಳು. ನಾನೇನು ಹೇಳಲಿ? ಚಂಪೂಕಾವ್ಯದ ಸಮಾಸ ಬಿಡಿಸೆಂದರೆ ಬಿಡಿಸಿಯೇನು. ಏಳು ವರ್ಷದ ಮಗುವಿನ ಬೆನ್ನಿನಲ್ಲಿ ಸೂಜಿ ಎಲ್ಲಿಗೆ ಹೋಗುತ್ತದೆ, ಏನನ್ನು ಚುಚ್ಚುತ್ತದೆ ಎಂಬುದು ನನಗೂ ತಿಳಿಯದು. ಹೂಂ ಎನ್ನಲಾರದೆ, ಊಹೂಂ ಎನ್ನಲಾರದೆ ರಾತ್ರಿ ಕಳೆಯಿತು.

ಬೆಳಿಗ್ಗೆ ಆ ಡಾಕ್ಟರು ನನ್ನೊಬ್ಬನನ್ನೇ ಕರೆದು ಕೂರಿಸಿಕೊಂಡರು. ಹಾಳೆಯೊಂದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಚಿತ್ರ ಬರೆದರು. ಆ ಹಾಳೆ ಈಗಲೂ ನನ್ನ ನಿಘಂಟಿನೊಳಗಿದೆ. ಅದನ್ನು ನಿಮಗೆ ತೋರಿಸಲು ಬಾನುಲಿಯಲ್ಲಿ ಸಾಧ್ಯವಿಲ್ಲ, ಮಾತಿನಲ್ಲಿಯೇ ಬರೆಯುತ್ತೇನೆ.

ಬೆನ್ನುಮೂಳೆ ಎಂಬುದು ಒಂದೇ ಮೂಳೆಯಲ್ಲ, ಒಂದರ ಮೇಲೊಂದು ಪೇರಿಸಿದ ಮಣಿಗಳ ಸಾಲು. ಕತ್ತಿನಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫. ಅದರ ಕೆಳಗೆ ಬೆಸೆದುಕೊಂಡು ಒಂದೇ ಆಗಿರುವ ೫ ಮಣಿಗಳ ತ್ರಿಕಾಸ್ಥಿ. ಅದರ ತುದಿಯಲ್ಲಿ ಬಾಲದ ಕುರುಹಾಗಿ ಉಳಿದಿರುವ ನಾಲ್ಕು ಸಣ್ಣ ತುಣುಕುಗಳು. ತಲೆ ತಗ್ಗಿಸಿ ಕತ್ತಿನ ಹಿಂದೆ ಬೆರಳಾಡಿಸಿದರೆ ಗುಬುಟಾಗಿ ಕೈಗೆ ಸಿಕ್ಕುತ್ತದಲ್ಲ, ಅದು ಸಾಮಾನ್ಯವಾಗಿ ಕತ್ತಿನ ಏಳನೆಯ ಮಣಿ. ಪ್ರತಿಯೊಂದು ಮಣಿಗೂ ಮುಂದೆ ಗಟ್ಟಿಯಾದ ಒಡಲು, ಹಿಂದೆ ಕಮಾನು, ನಡುವೆ ತೂತು. ಮಣಿಗಳು ಸಾಲಾಗಿ ನಿಂತಾಗ ತೂತುಗಳೆಲ್ಲ ಕೂಡಿ ಒಂದು ಕೊಳವೆಯಾಗುತ್ತದೆ. ಆ ಕೊಳವೆಯೊಳಗೆ ಮಿದುಳಿನಿಂದ ಇಳಿದು ಬರುವುದೇ ನಾನು ಹೇಳಹೊರಟಿರುವ ವಸ್ತು.

ಇದಕ್ಕೆ ಕನ್ನಡದಲ್ಲಿ ಎರಡು ಹೆಸರುಗಳು ಬಳಕೆಯಲ್ಲಿವೆ. ಶಾಲೆಯ ಪುಸ್ತಕಗಳಲ್ಲಿ 'ಮಿದುಳುಬಳ್ಳಿ' ಎಂದಿರುವುದುಂಟು. 'ಬೆನ್ನುಹುರಿ' ಎಂಬುದೂ ಉಂಟು. ಬಳ್ಳಿ ಎಂದರೆ ಮಿದುಳೆಂಬ ಬೇರಿನಿಂದ ಹಬ್ಬಿದ್ದು ಎಂಬ ಭಾವ. ಹುರಿ ಎಂದರೆ ಎಳೆಗಳನ್ನು ಹೊಸೆದು ಮಾಡಿದ್ದು ಎಂಬ ಭಾವ. ಹಳೆಯ ಲ್ಯಾಟಿನ್ ಹೆಸರಿಗೆ ಬೆನ್ನುಮೂಳೆಯ ಮಜ್ಜೆ ಎಂದರ್ಥ. ಎಲುಬಿನೊಳಗಿನ ನೆಣದಂತೆ ಇದೂ ಒಂದು ಎಂದು ಅವರು ತಿಳಿದಿದ್ದರು. ನಮ್ಮಲ್ಲಿ ಕೆಲವರು ಯೋಗಶಾಸ್ತ್ರದ ಸುಷುಮ್ನಾ ನಾಡಿಯೇ ಇದು ಎಂದು ವಾದಿಸುತ್ತಾರೆ. ಆ ಶಾಸ್ತ್ರದ ಮಾತು ಬೇರೆ, ಕತ್ತರಿಸಿ ಕಣ್ಣಿಂದ ಕಂಡವರ ಮಾತು ಬೇರೆ. ಎರಡನ್ನೂ ಗಂಟುಹಾಕಿದರೆ ಎರಡಕ್ಕೂ ಅನ್ಯಾಯವಾದೀತೆಂದು ನನ್ನ ಅಭಿಪ್ರಾಯ. ನಾನು ಹುರಿ ಎಂಬ ಮಾತನ್ನೇ ಬಳಸುತ್ತೇನೆ.

ಈ ಹುರಿ ನಮ್ಮ ಕಿರುಬೆರಳಿನ ಗಾತ್ರದ್ದು. ತೂಕ ೩೦–೩೫ ಗ್ರಾಂ, ಒಂದು ಸಣ್ಣ ನಿಂಬೆಹಣ್ಣಿನಷ್ಟು. ಎಲ್ಲ ಕಡೆಯೂ ಒಂದೇ ದಪ್ಪವಿಲ್ಲ. ಕೈಗಳಿಗೆ ನರಗಳು ಹೊರಡುವ ಕತ್ತಿನ ಭಾಗದಲ್ಲಿ ಒಮ್ಮೆ, ಕಾಲುಗಳಿಗೆ ಹೊರಡುವ ಕೆಳಭಾಗದಲ್ಲಿ ಒಮ್ಮೆ ಉಬ್ಬಿಕೊಂಡಿದೆ. ಅದರ ಎರಡು ಮಗ್ಗುಲಿನಿಂದ ೩೧ ಜೊತೆ ನರಗಳು ಹೊರಡುತ್ತವೆ. ಕತ್ತಿನಲ್ಲಿ ಮಣಿಗಳು ಏಳು, ನರಗಳು ಮಾತ್ರ ಎಂಟು ಜೊತೆ. ಲೆಕ್ಕ ತಪ್ಪಿತೆಂದು ನಾನು ಡಾಕ್ಟರನ್ನು ತಡೆದೆ. ತಪ್ಪಿರಲಿಲ್ಲ. ಮೊದಲನೆಯ ಜೊತೆ ಮೊದಲನೆಯ ಮಣಿಯ ಮೇಲಿನಿಂದ ಹೊರಡುತ್ತದೆ, ಎಂಟನೆಯದು ಏಳನೆಯ ಮಣಿಯ ಕೆಳಗಿನಿಂದ. ಐದು ಬೆರಳಿನ ಸುತ್ತ ಸಂದು ಎಷ್ಟು ಎಂದು ಎಣಿಸಿದ ಹಾಗೆ.

ಹುರಿ ಕೊಳವೆಯ ಗೋಡೆಗೆ ತಾಗದಂತೆ ಮೂರು ಪೊರೆಗಳ ಹೊದಿಕೆ ಇದೆ. ಹೊರಗಿನದು ಹದಮಾಡಿದ ತೊಗಲಿನಂತೆ ಗಟ್ಟಿ. ನಡುವಿನದು ಜೇಡರ ಬಲೆಯಂತೆ ತೆಳು. ಒಳಗಿನದು ಹುರಿಗೇ ಅಂಟಿಕೊಂಡ ಮೃದುವಾದ ಪೊರೆ. ಲ್ಯಾಟಿನ್ನಿನಲ್ಲಿ ಹೊರಪೊರೆಯನ್ನು 'ಕಠಿಣ ತಾಯಿ' ಎಂದೂ ಒಳಪೊರೆಯನ್ನು 'ಮೃದು ತಾಯಿ' ಎಂದೂ ಕರೆಯುತ್ತಾರೆ; ಅರಬ್ಬಿ ವೈದ್ಯಗ್ರಂಥಗಳನ್ನು ಲ್ಯಾಟಿನ್ನಿಗೆ ತಿರುಗಿಸಿದಾಗ ಬಂದ ಹೆಸರುಗಳಂತೆ ಇವು. ಕಾಪಾಡುವುದಕ್ಕೆ ತಾಯಿಯೆಂಬ ಹೆಸರು ಎಷ್ಟು ದೂರದಿಂದ ನಡೆದು ಬಂದಿದೆ ನೋಡಿ! ಜೇಡರ ಬಲೆಯ ಪೊರೆಗೂ ಮೃದು ಪೊರೆಗೂ ನಡುವೆ ಎಳನೀರಿಗಿಂತ ತಿಳಿಯಾದ ದ್ರವವಿದೆ. ಡಾಕ್ಟರು ಕೇಳಿದ 'ಬೆನ್ನಿನ ನೀರು' ಇದೇ. ಮಿದುಳನ್ನೂ ಹುರಿಯನ್ನೂ ಸುತ್ತುವರಿದ ಈ ನೀರು ದೊಡ್ಡವರಲ್ಲಿ ಒಟ್ಟು ಸುಮಾರು ೧೫೦ ಮಿಲಿಲೀಟರು. ಆದರೆ ದಿನವೊಂದಕ್ಕೆ ಸುಮಾರು ೫೦೦ ಮಿಲಿಲೀಟರು ಹೊಸದಾಗಿ ಒಸರುತ್ತದೆ, ಹಳೆಯದು ರಕ್ತಕ್ಕೆ ಇಂಗುತ್ತದೆ. ಪರೀಕ್ಷೆಗೆ ತೆಗೆಯುವುದು ಒಂದೆರಡು ಚಮಚೆ ಮಾತ್ರ. ಸೆಲೆಯಿರುವ ಬಾವಿಯಿಂದ ಒಂದು ತಂಬಿಗೆ ಸೇದಿದರೆ ಬಾವಿ ಬತ್ತುವುದಿಲ್ಲವಷ್ಟೆ.

"ಸರಿ, ನೀರು ಬತ್ತುವುದಿಲ್ಲ. ಸೂಜಿ ಹುರಿಯನ್ನೇ ಚುಚ್ಚಿದರೆ?" ಎಂದು ಕೇಳಿದೆ. ಆಗ ಅವರು ಹೇಳಿದ ಮಾತೇ ಈ ಭಾಷಣಕ್ಕೆಲ್ಲ ಮೂಲ. "ಮೇಷ್ಟ್ರೇ, ನಾವು ಚುಚ್ಚುವ ಕಡೆ ಹುರಿಯೇ ಇಲ್ಲ."

ಬೆನ್ನುಮೂಳೆಯ ಉದ್ದ ಬೆಳೆದ ಗಂಡಸಿನಲ್ಲಿ ಸುಮಾರು ೭೦ ಸೆಂಟಿಮೀಟರು. ಒಳಗಿನ ಹುರಿಯ ಉದ್ದ ಸುಮಾರು ೪೫ ಸೆಂಟಿಮೀಟರು. ಹೂವಾಡಗಿತ್ತಿಯ ಲೆಕ್ಕದಲ್ಲಿ ಹೇಳುವುದಾದರೆ, ಮನೆ ಒಂದೂವರೆ ಮೊಳ, ಒಳಗಿರುವ ಹುರಿ ಒಂದೇ ಮೊಳ. ತಾಯಿಯ ಗರ್ಭದಲ್ಲಿ ಮೂರನೆಯ ತಿಂಗಳವರೆಗೆ ಎರಡೂ ಸರಿಸಮ. ಆಮೇಲೆ ಮೂಳೆಯ ಬೆಳವಣಿಗೆಯ ವೇಗಕ್ಕೆ ಹುರಿ ಸಮಮಾಡಲಾರದು. ಐದನೆಯ ತರಗತಿಯಲ್ಲಿ ಹೊಲಿಸಿದ ಅಂಗಿ ಎಂಟನೆಯ ತರಗತಿಗೆ ಬರುವಾಗ ಸೊಂಟದ ಮೇಲೆಯೇ ನಿಂತುಬಿಡುವುದನ್ನು ನಾವು ಮೇಷ್ಟರುಗಳು ದಿನವೂ ನೋಡುತ್ತೇವೆ. ಹುರಿಯ ಪಾಡೂ ಅದೇ. ಹುಟ್ಟುವಾಗ ಅದರ ತುದಿ ಸೊಂಟದ ಎರಡು ಮೂರನೆಯ ಮಣಿಗಳ ಮಟ್ಟದಲ್ಲಿರುತ್ತದೆ. ಬೆಳೆದವರಲ್ಲಿ ಒಂದನೆಯ ಮತ್ತು ಎರಡನೆಯ ಮಣಿಗಳ ನಡುವೆ, ಎಂದರೆ ಪಕ್ಕೆಲುಬುಗಳು ಮುಗಿದು ಸ್ವಲ್ಪ ಕೆಳಗೆ ಬರುವಷ್ಟರಲ್ಲಿ, ಮೊನಚಾಗಿ ಮುಗಿದುಹೋಗುತ್ತದೆ. ಕೆಲವರಲ್ಲಿ ತುಸು ಮೇಲೆ, ಕೆಲವರಲ್ಲಿ ತುಸು ಕೆಳಗೆ.

ಹಾಗಾದರೆ ಅದರ ಕೆಳಗಿನ ಕೊಳವೆ ಬರಿದೇ? ಅಲ್ಲ. ಕಾಲಿಗೂ ಮೂತ್ರಾಶಯಕ್ಕೂ ಹೋಗುವ ನರಗಳು ತಮ್ಮ ತಮ್ಮ ಕಿಂಡಿಗಳನ್ನು ಸೇರಲು ಅಲ್ಲಿಂದ ಕೆಳಕ್ಕೆ ಇಳಿಯಬೇಕಲ್ಲ. ಅವೆಲ್ಲ ಗೊಂಚಲಾಗಿ ಆ ನೀರಿನೊಳಗೆ ಇಳಿಬಿದ್ದಿವೆ. ಇದಕ್ಕೆ ಅಂಗರಚನಾಶಾಸ್ತ್ರದಲ್ಲಿ 'ಕುದುರೆಯ ಬಾಲ' ಎಂದೇ ಹೆಸರು. ಹುರಿ ನೆಟ್ಟಗೆ ನಿಂತ ಕಿರುಬೆರಳು. ಸೂಜಿ ಬಂದರೆ ಸರಿದು ನಿಲ್ಲಲು ಅದಕ್ಕೆ ಎಡೆಯಿಲ್ಲ. ಬಾಲದ ಎಳೆಗಳು ಹಾಗಲ್ಲ. ಹೊಳೆಯ ನೀರಿನಲ್ಲಿ ಓಲಾಡುವ ಜೊಂಡಿನಂತೆ ಅತ್ತಿತ್ತ ಸರಿದು ದಾರಿ ಬಿಡುತ್ತವೆ.

ಸೊಂಟದ ಎರಡೂ ಬದಿಗೆ ಕೈಯಿಟ್ಟು ನೋಡಿ. ಕೈ ಕೂರುವ ಎಲುಬಿನ ಅಂಚು ಸಿಕ್ಕುತ್ತದೆ. ಆ ಎರಡು ಅಂಚುಗಳ ನಡುವೆ ಬೆನ್ನಿನ ಮೇಲೆ ಅಡ್ಡಗೆರೆ ಎಳೆದರೆ ಅದು ಸುಮಾರಾಗಿ ಸೊಂಟದ ನಾಲ್ಕನೆಯ ಮಣಿಯ ಮೇಲೆ ಹಾಯುತ್ತದೆ. ವೈದ್ಯರು ಸೂಜಿ ಹಾಕುವ ಮುಂಚೆ ಬೆರಳಿನಿಂದ ಹುಡುಕುವುದು ಈ ಗೆರೆಯನ್ನೇ. ಅದರ ಒಂದು ಸಂದು ಮೇಲೆ ಅಥವಾ ಒಂದು ಸಂದು ಕೆಳಗೆ ಸೂಜಿ. ಹುರಿಯ ತುದಿ ಅಲ್ಲಿಂದ ಇನ್ನೂ ಮೇಲೆ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲನ್ನು ಹೊಟ್ಟೆಗೆ ಒತ್ತಿಸಿ ಬಿಲ್ಲಿನಂತೆ ಬಾಗಿಸುವುದು ಮಣಿಗಳ ನಡುವಿನ ಸಂದು ಅಗಲವಾಗಲೆಂದು.

ಈ ಉಪಾಯವನ್ನು ೧೮೯೧ರಲ್ಲಿ ವೈದ್ಯಲೋಕಕ್ಕೆ ತಿಳಿಸಿದವನು ಜರ್ಮನಿಯ ಕೀಲ್ ನಗರದ ಹೈನ್ರಿಶ್ ಕ್ವಿಂಕೆ. ಅದೇ ಕೀಲ್ ನಗರದಲ್ಲಿ ೧೮೯೮ರ ಆಗಸ್ಟಿನಲ್ಲಿ ಶಸ್ತ್ರವೈದ್ಯ ಆಗಸ್ಟ್ ಬೀರ್ ಇದೇ ದಾರಿಯಿಂದ ಔಷಧ ಹಾಕಿ ಸೊಂಟದ ಕೆಳಗನ್ನು ಮರಗಟ್ಟಿಸಿದ. ಇಂದು ಸಿಸೇರಿಯನ್ ಹೆರಿಗೆಗೆ 'ಬೆನ್ನಿಗೆ ಸೂಜಿ' ಹಾಕುವುದು ಅವನ ದಾರಿಯಲ್ಲೇ. ಆತ ಮತ್ತು ಅವನ ಸಹಾಯಕ ಹಿಲ್ಡೆಬ್ರಾಂಟ್ ಒಬ್ಬರ ಮೇಲೊಬ್ಬರು ಪ್ರಯೋಗ ಮಾಡಿಕೊಂಡರು. ಸಹಾಯಕನ ಕಾಲು ಮರಗಟ್ಟಿದಾಗ ಬೀರ್ ಅವನ ಮೊಣಕಾಲಿನ ಕೆಳಗಿನ ಎಲುಬಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದು ನೋಡಿದನಂತೆ, ನೋವಿಲ್ಲ! ಮರುದಿನದಿಂದ ಇಬ್ಬರಿಗೂ ತಲೆನೋವು ಹಿಡಿಯಿತು, ಬೀರನಿಗಂತೂ ಒಂಬತ್ತು ದಿನ. ಸೂಜಿಯ ತೂತಿನಿಂದ ನೀರು ಸೋರಿದರೆ ತಲೆನೋವು ಬರುವುದು ಇಂದಿಗೂ ಉಂಟು. ಮಿದುಳಿನಲ್ಲಿ ಒತ್ತಡ ಹೆಚ್ಚಿದ್ದರೆ, ಸೂಜಿ ಹಾಕುವ ಜಾಗದಲ್ಲಿ ಸೋಂಕಿದ್ದರೆ, ರಕ್ತ ಹೆಪ್ಪುಗಟ್ಟದ ದೋಷವಿದ್ದರೆ ವೈದ್ಯರು ಮೊದಲೇ ವಿಚಾರಿಸಿ ಕೈ ತಡೆಯುತ್ತಾರೆ. ಯಾವ ತೊಂದರೆಯೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಸೂಜಿ ಹುರಿಯನ್ನು ಕಡಿದು ಕಾಲು ಹೋಗುತ್ತದೆ ಎಂಬ ಭಯಕ್ಕೆ ಅಲ್ಲಿ ಹುರಿಯಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಅತ್ತೆಯವರ ಊರಿನ ಆ ಮನುಷ್ಯನ ವಿಷಯ ಕೇಳಿದೆ. "ಕಾಲು ಯಾಕೆ ಬಲಹೀನವಾಗುತ್ತಿದೆ ಎಂದು ತಿಳಿಯುವುದಕ್ಕೇ ಅವರ ನೀರು ತೆಗೆದಿರಬಹುದು. ಬೆನ್ನುಮೂಳೆಗೆ ಕ್ಷಯ ತಗಲಿದರೂ ಹಾಗಾಗುತ್ತದೆ. ರೋಗ ಮಾಡಿದ್ದು ಸೂಜಿಯ ಲೆಕ್ಕಕ್ಕೆ ಹೋಗಿದೆ" ಎಂದರು ಡಾಕ್ಟರು. ಹಾಳೆ ಹಿಡಿದುಕೊಂಡು ಹೋಗಿ ಅತ್ತೆಯವರಿಗೆ ಅಂಗಿಯ ಕಥೆ ಹೇಳಿದೆ. ಅವರು ಒಪ್ಪಿದರೆಂದು ಹೇಳಲಾರೆ. ಮಂಚ ಬಿಟ್ಟು ಸರಿದು ನಿಂತರು. ಭಾವ ರುಜು ಹಾಕಿದರು. ತಿಳಿಯಾಗಿರಬೇಕಾದ ನೀರು ಅಕ್ಕಿ ತೊಳೆದ ನೀರಿನಂತೆ ಕದಡಿಕೊಂಡು ಬಂತು. ರೋಗಾಣು ಯಾವುದೆಂದು ತಿಳಿಯಿತು, ಅದಕ್ಕೆ ತಕ್ಕ ಔಷಧ ನಡೆಯಿತು, ಹುಡುಗ ಹದಿನೈದು ದಿನಕ್ಕೆ ನಡೆದುಕೊಂಡೇ ಮನೆಗೆ ಬಂದ. ಎಡಗಿವಿ ಮಾತ್ರ ಮಂದವಾಯಿತು. ಈ ರೋಗದಲ್ಲಿ ಕಿವಿ ಹೋಗುವುದುಂಟಂತೆ. ನಾವು ಸುಮ್ಮನೆ ಕಳೆದ ಆ ಒಂದು ರಾತ್ರಿಗೂ ಕಿವಿಗೂ ಸಂಬಂಧವಿದೆಯೇ ಎಂದು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿಂದ ಮುಂದೆ ನನಗೆ ಈ ಹುರಿಯ ಹುಚ್ಚು ಹಿಡಿಯಿತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರಿಂದ ಪುಸ್ತಕ ತಂದು ಓದಿದೆ. ಹುರಿಯನ್ನು ಬಾಳೆದಿಂಡಿನಂತೆ ಅಡ್ಡಡ್ಡ ಕೊಯ್ದರೆ ನಡುವೆ ರೆಕ್ಕೆ ಬಿಚ್ಚಿದ ಚಿಟ್ಟೆಯಂಥ ಬೂದುಬಣ್ಣದ ಆಕಾರ ಕಾಣುತ್ತದೆ, ಸುತ್ತಲೂ ಬಿಳಿ. ಬೂದು ಭಾಗದಲ್ಲಿರುವುದು ನರಕೋಶಗಳು. ಬಿಳಿಯ ಭಾಗ ಮೇಲಕ್ಕೂ ಕೆಳಕ್ಕೂ ಹರಿಯುವ ತಂತುಗಳ ಕಟ್ಟು. ಚಿಟ್ಟೆಯ ಹಿಂದಿನ ರೆಕ್ಕೆಗೆ ಸುದ್ದಿ ಬರುತ್ತದೆ, ಮುಂದಿನ ರೆಕ್ಕೆಯಿಂದ ಅಪ್ಪಣೆ ಹೊರಡುತ್ತದೆ. ಇದನ್ನು ೧೮೧೧ರಲ್ಲಿ ಚಾರ್ಲ್ಸ್ ಬೆಲ್ ಅರ್ಧ ಕಂಡ, ೧೮೨೨ರಲ್ಲಿ ಫ್ರಾನ್ಸಿನ ಮಜಂಡಿ ಪೂರ್ತಿ ತೋರಿಸಿಕೊಟ್ಟ.

ಇದನ್ನು ಓದಿದಾಗ ನನ್ನ ಬಾಲ್ಯದ ಒಂದು ಸಂಗತಿ ಬಿಡಿಸಿಕೊಂಡಿತು. ಪ್ರಾಥಮಿಕ ಶಾಲೆಯಲ್ಲಿ ಪೋಲಿಯೋದಿಂದ ಒಂದು ಕಾಲು ಸಣ್ಣಗಾದ ಗೆಳೆಯನಿದ್ದ. ಸತ್ತ ಕಾಲು ಎಂದು ನಾವೆಲ್ಲ ಅನ್ನುತ್ತಿದ್ದೆವು. ಒಂದು ದಿನ ಅದಕ್ಕೆ ಮುಳ್ಳು ಚುಚ್ಚಿತು. ನಮ್ಮಷ್ಟೇ ಜೋರಾಗಿ ಅವನೂ ಕೂಗಿದ. ನಮಗೆ ಆಶ್ಚರ್ಯ, ಸತ್ತ ಕಾಲಿಗೆ ನೋವೆಲ್ಲಿಂದ? ಪೋಲಿಯೋ ವೈರಸ್ಸು ಹಾಳುಮಾಡುವುದು ಚಿಟ್ಟೆಯ ಮುಂದಿನ ರೆಕ್ಕೆಯ ಕೋಶಗಳನ್ನು. ಅಪ್ಪಣೆ ನಿಂತಿತು, ಸುದ್ದಿ ನಿಲ್ಲಲಿಲ್ಲ. ಭಾರತದಲ್ಲಿ ಕಾಡು ಪೋಲಿಯೋದ ಕಡೆಯ ಪ್ರಕರಣ ೨೦೧೧ರ ಜನವರಿಯದು. ೨೦೧೪ರ ಮಾರ್ಚಿಯಲ್ಲಿ ದೇಶ ಪೋಲಿಯೋಮುಕ್ತವೆಂದು ಘೋಷಣೆಯಾಯಿತು. ಈಗಿನ ನನ್ನ ತರಗತಿಗಳಲ್ಲಿ ಅಂಥ ಕಾಲಿನ ಮಗು ಒಂದೂ ಇಲ್ಲ.

ಹುರಿ ಬರಿಯ ತಂತಿಯೂ ಅಲ್ಲ. ಬರಿಗಾಲಿನಲ್ಲಿ ಕೆಂಡ ತುಳಿದರೆ ಉರಿಯ ಅರಿವು ಆಗುವ ಮೊದಲೇ ಕಾಲು ಮೇಲೆದ್ದಿರುತ್ತದೆ. ಆ ಅಪ್ಪಣೆ ಮಿದುಳಿನದಲ್ಲ, ಹುರಿಯದೇ. ಅಷ್ಟೇ ಅಲ್ಲ, ಎತ್ತಿದ ಕಾಲಿನ ಭಾರ ಹೊರಲು ಇನ್ನೊಂದು ಕಾಲು ಅದೇ ಕ್ಷಣ ಸೆಟೆದು ನಿಲ್ಲುತ್ತದೆ. ಅದೂ ಹುರಿಯ ಏರ್ಪಾಡೇ. ಇಂಥವನ್ನು ಜೀವಮಾನವೆಲ್ಲ ಅಭ್ಯಾಸಮಾಡಿದ ಶೆರಿಂಗ್ಟನ್ನನಿಗೆ ೧೯೩೨ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಮೊಣಚಿಪ್ಪಿನ ಕೆಳಗೆ ವೈದ್ಯರು ಸುತ್ತಿಗೆಯಿಂದ ತಟ್ಟುವುದು, ಹುರಿಯ ಆ ಮಟ್ಟ ಎಚ್ಚರವಾಗಿದೆಯೇ ಎಂದು ಕದ ತಟ್ಟಿ ನೋಡಿದ ಹಾಗೆ.

ಇನ್ನು ಈ ಹುರಿ ತುಂಡಾದರೆ? ಕೈಯ ನರ ಕಡಿದರೆ ನಿಧಾನವಾಗಿಯಾದರೂ ಚಿಗುರುವುದುಂಟು. ಹುರಿಯೊಳಗಿನ ತಂತು ಕಡಿದರೆ ಮತ್ತೆ ಕೂಡುವಂತೆ ಮಾಡುವ ಚಿಕಿತ್ಸೆ ಇನ್ನೂ ಕೈಗೆ ಬಂದಿಲ್ಲ. ಎದೆಯ ಮಟ್ಟದಲ್ಲಿ ಪೆಟ್ಟಾದರೆ ಕಾಲುಗಳು ಹೋಗುತ್ತವೆ, ಮಲಮೂತ್ರದ ಹಿಡಿತ ತಪ್ಪುತ್ತದೆ. ಕತ್ತಿನಲ್ಲಾದರೆ ಕೈಗಳೂ ಹೋಗುತ್ತವೆ. ಕತ್ತಿನ ಮೂರು, ನಾಲ್ಕು, ಐದನೆಯ ನರಗಳು ವಪೆಯನ್ನು ಆಡಿಸುವುದರಿಂದ ಅದಕ್ಕೂ ಮೇಲೆ ಪೂರ್ತಿ ಕಡಿದರೆ ಉಸಿರೇ ನಿಲ್ಲುತ್ತದೆ. ಕ್ರಿಸ್ತಪೂರ್ವ ೧೬೦೦ರ ಸುಮಾರಿನ ಈಜಿಪ್ಟಿನ ವೈದ್ಯನೊಬ್ಬ ಕತ್ತಿನ ಮಣಿ ಜರುಗಿದವನಿಗೆ ಕೈಕಾಲಿನ ಅರಿವಿಲ್ಲವೆಂದು ಬರೆದಿಟ್ಟು, ಇದು ಚಿಕಿತ್ಸೆ ಮಾಡುವ ರೋಗವಲ್ಲ ಎಂದು ಕೈಚೆಲ್ಲಿದ್ದಾನೆ. ೧೯೪೪ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ಲಿನಲ್ಲಿ ಲೂಡ್ವಿಗ್ ಗುಟ್‌ಮನ್ ಎಂಬ ವೈದ್ಯ ಇಂಥವರನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ, ಹುಣ್ಣಾಗದಂತೆ ಕಾದು, ಕುರ್ಚಿಯಲ್ಲಿ ಕೂರಿಸಿ ಆಟವಾಡಿಸಿ ದುಡಿಮೆಗೆ ಕಳಿಸಿದ. ಆದರೆ ಕಡಿದ ಹುರಿಯನ್ನು ಅವನೂ ಜೋಡಿಸಲಿಲ್ಲ.

ಎಲುಬು ಮುರಿದ ಕೂಡಲೇ ಹುರಿ ಕಡಿಯಲೇಬೇಕೆಂದಿಲ್ಲ ಎಂಬುದನ್ನು ನಾವು ಹಳ್ಳಿಯ ಕಡೆಯವರು ತಿಳಿದಿರಬೇಕು. ನಮ್ಮ ತೋಟಗಳಲ್ಲಿ ಅಡಕೆ ಮರದಿಂದ, ತೆಂಗಿನ ಮರದಿಂದ ಬೀಳುವವರು ಉಂಟು. ಬಿದ್ದವನನ್ನು ಇಬ್ಬರು ಕೈ, ಇಬ್ಬರು ಕಾಲು ಹಿಡಿದು ಮೂಟೆಯಂತೆ ಎತ್ತುತ್ತೇವೆ. ಕೂರಿಸಿ ನೀರು ಕುಡಿಸುತ್ತೇವೆ. ಆಟೋದಲ್ಲಿ ಮಡಿಸಿ ಮಲಗಿಸುತ್ತೇವೆ. ಎತ್ತುವಾಗ ನಡು ಜೋತುಬಿದ್ದರೆ, ಮುರಿದ ಮಣಿಯ ಚೂಪು ಅಷ್ಟರವರೆಗೆ ಉಳಿದಿದ್ದ ಹುರಿಗೆ ಒತ್ತೀತು. ಮರದಿಂದ ಬಿದ್ದಾಗ ಬೆರಳು ಆಡಿಸುತ್ತಿದ್ದವನು ಆಸ್ಪತ್ರೆ ಸೇರುವಾಗ ಆಡಿಸದೆ ಇರಬಹುದು.

ಬಿದ್ದವನನ್ನು ಬಿದ್ದಲ್ಲಿಯೇ ಬಿಡಿ, ಎಬ್ಬಿಸಬೇಡಿ, ಕೂರಿಸಬೇಡಿ. ಒಬ್ಬರು ತಲೆಯ ಕಡೆ ಕುಳಿತು ಎರಡೂ ಕೈಯಿಂದ ತಲೆಯನ್ನು ಮೈಯ ನೇರಕ್ಕೆ ಅಲುಗದಂತೆ ಹಿಡಿಯಲಿ. ಕಾಲಿನ ಬೆರಳು ಆಡುತ್ತದೆಯೇ, ಮುಟ್ಟಿದರೆ ತಿಳಿಯುತ್ತದೆಯೇ ಎಂದು ಕೇಳಿ ನೆನಪಿಡಿ. ಡಾಕ್ಟರು ಮೊದಲು ಕೇಳುವುದು ಅದನ್ನೇ. ಇನ್ನೊಬ್ಬರು ೧೦೮ಕ್ಕೆ ಫೋನು ಮಾಡಲಿ. ಕಣಜದ ಗೂಡೋ ಬೆಂಕಿಯೋ ಹತ್ತಿರವಿದ್ದು ಸಾಗಿಸಲೇಬೇಕಾಗಿ ಬಂದರೆ, ಬಾಗಿಲ ಹಲಗೆಯನ್ನೋ ಅಗಲವಾದ ಬೇರೆ ಹಲಗೆಯನ್ನೋ ತನ್ನಿ. ಮೂರು ನಾಲ್ಕು ಜನ ಒಂದೇ ಬದಿಯಲ್ಲಿ ಮಂಡಿಯೂರಿ, ತಲೆ ಹಿಡಿದವರು ಹೇಳಿದ ಮಾತಿಗೆ ಎಲ್ಲರೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದಂತೆ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವ ಹಾಗೆ ಮಗ್ಗುಲಾಗಿಸಿ, ಹಲಗೆಯನ್ನು ಕೆಳಗೆ ಸರಿಸಿ, ಹಾಗೆಯೇ ಹಿಂದಕ್ಕೆ ಮಲಗಿಸಿ. ಆಂಬುಲೆನ್ಸಿನವರು ಬಂದು ತಾವು ಹಿಡಿದುಕೊಳ್ಳುವವರೆಗೆ ತಲೆ ಹಿಡಿದವರು ಕೈ ಬಿಡಬಾರದು.